ಕೂಗದ ಚಾಪೆ

ಅಮ್ಮಾ,

ಇವತ್ತು ನಮ್ಮ ಪ್ರಾಜೆಕ್ಟಿನ ಚಾಪೆಯನ್ನು ಆಸ್ಪತ್ರೆಯ ವಾರ್ಡಿನಲ್ಲಿ ಹಾಸಿದೆವು. ಎಲೆಕ್ಟ್ರಾನಿಕ್ಸ್ ಓದುವ ಲಂಬು, ನರ್ಸಿಂಗ್ ಓದುವ ಗೆಳತಿ, ಡಿಸೈನ್ ಓದುವ ನಾನು, ಮೂವರೂ ಸೇರಿ ಮಾಡಿದ್ದು. ರೋಗಿ ಮಂಚದಿಂದ ಇಳಿದು ಅದರ ಮೇಲೆ ಕಾಲಿಟ್ಟರೆ ನರ್ಸ್ ಮೇಜಿನ ಹತ್ತಿರ ಅಲಾರಂ ಕೂಗಬೇಕು. ಕಾಲೇಜಿನಲ್ಲಿ ನಾವೇ ಹತ್ತಿ ಕುಣಿದಾಗ ಒಮ್ಮೆಯೂ ತಪ್ಪಿರಲಿಲ್ಲ.

ಕಿಟಕಿ ಪಕ್ಕದ ಅಜ್ಜಿ ಎದ್ದು ಅದರ ಮೇಲೆ ನಿಂತರು. ಅಲಾರಂ ಕೂಗಲೇ ಇಲ್ಲ. ಅವರು ವಾಲುವುದನ್ನು ಕಂಡರೂ ನನ್ನ ಕಾಲು ಕದಲಲಿಲ್ಲ. ಗೆಳತಿ ಓಡಿ ಹಿಡಿದುಕೊಂಡಳು.

"ಯಾಕ್ರೋ ಇಷ್ಟು ಹೆದರ್ತೀರಾ? ಬಚ್ಚಲಿಗೆ ಹೊರಟಿದ್ದೆ, ಅಷ್ಟೇ," ಅಂದರು ಅಜ್ಜಿ.

ಬಚ್ಚಲಲ್ಲಿ ಬಿದ್ದ ದಿನ ನೀನೂ ಅಷ್ಟೇ ಅಂದುಕೊಂಡು ಎದ್ದಿರಬೇಕು.

ಲಂಬು ತಲೆ ಚಚ್ಚಿಕೊಂಡ. "ನಮ್ಮ ತೂಕಕ್ಕೇ ಸೆಟ್ ಮಾಡ್ಬಿಟ್ವಿ ಕಣೇ. ಮನುಷ್ಯರು ಇಷ್ಟು ಹಗುರ ಇರ್ತಾರೆ ಅಂತ ಯಾರಿಗೆ ಗೊತ್ತಿತ್ತು?"

ನನಗೆ ಗೊತ್ತಿತ್ತು. ನಿನ್ನನ್ನು ನೆಲದಿಂದ ಎತ್ತಿದ ಕೈ ನನ್ನದೇ ಅಲ್ಲವೇ.

ನಾಳೆ ಚಾಪೆಗೆ ನಿನ್ನ ತೂಕ ಕಲಿಸುತ್ತೇನೆ. ಆಮೇಲೂ ಅದು ಸುಮ್ಮನಿದ್ದುಬಿಟ್ಟರೆ? ನೀನು ಹೋದಮೇಲೆ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ, ಆದರೂ ಕಿವಿ ಬಚ್ಚಲ ಕಡೆಗೇ ಇದೆ.