ನೀರಿನ ಸಾಲಿನ ಮೇಷ್ಟ್ರಿಗೆ

ತುಕ್ಕು ಮೇಷ್ಟ್ರಿಗೆ,

ಇಡೀ ಸಂಶೋಧನಾ ಕೇಂದ್ರ ನಿಮ್ಮನ್ನು ಕರೆಯುತ್ತಿದ್ದ ಹೆಸರಿನಿಂದಲೇ ಶುರು ಮಾಡಿದ್ದೇನೆ. ಹೆಂಡತಿಯಾಗಿ ಬರೆಯಹೊರಟರೆ ಮೊದಲ ಸಾಲಿಗೇ ಜಗಳ ಬಂದುಬಿಡುತ್ತದೆ. ಇದು ಸ್ವಲ್ಪ ಸಮಾಧಾನದಿಂದ ಹೇಳಬೇಕಾದ ವಿಷಯ. ಎಷ್ಟು ಹೊತ್ತು ಸಮಾಧಾನ ಇರುತ್ತದೋ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರಮ್ಮ ಆಸ್ಪತ್ರೆಗೆ ಕರೆಸಿದ್ದರು. ನೀವು ಸೇರಿಕೊಂಡಿದ್ದ ಆ ಹೊಸ ಔಷಧಿಯ ಪರೀಕ್ಷೆ ಮುಗಿದಿದೆ. ಯಾರಿಗೆ ಅಸಲಿ ಮಾತ್ರೆ ಹೋಗುತ್ತಿತ್ತು, ಯಾರಿಗೆ ಬರೀ ಹಿಟ್ಟಿನ ಮಾತ್ರೆ ಅನ್ನುವುದು ಡಾಕ್ಟರುಗಳಿಗೂ ಈಗಷ್ಟೇ ತಿಳಿದಿದೆಯಂತೆ. ಔಷಧಿ ಕೆಲಸ ಮಾಡಿದೆ, ಮೇಷ್ಟ್ರೇ. ಕಾರಿಡಾರಿನ ಬೆಂಚಿನ ಮೇಲೆ ನಿಮ್ಮ ಪಕ್ಕ ಕೂತು ನಿಮಗಿಂತ ಜೋರಾಗಿ ಕೆಮ್ಮುತ್ತಿದ್ದ ಮೀಸೆಯ ಬಸ್ ಡ್ರೈವರು ಎಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿ ಬಂದರು. ನನ್ನನ್ನು ಕಂಡು ಕೈ ಮುಗಿದರು. ನನಗೆ ಸಂತೋಷವಾಗಬೇಕಿತ್ತು. ಅವರ ಎದೆಯಿಂದ ಆ ಉಸಿರನ್ನು ಕಿತ್ತುಕೊಳ್ಳಬೇಕು ಅನ್ನಿಸಿತು. ಅಷ್ಟು ಕೆಟ್ಟವಳಾಗಿದ್ದೇನೆ ನಾನು.

ನಿಮಗೆ ಹೋಗುತ್ತಿದ್ದದ್ದು ಹಿಟ್ಟಿನ ಮಾತ್ರೆ. ನಮ್ಮ ಹೊಲದ ಮಾತಿನಲ್ಲಿ ಹೇಳುವುದಾದರೆ, ನೀವು ನೀರಿನ ಸಾಲಿನಲ್ಲಿದ್ದಿರಿ.

ಗೋಧಿಗೆ ಹತ್ತುವ ತುಕ್ಕು ರೋಗದ ಮೇಲೆ ಇಬ್ಬರೂ ಅರ್ಧ ಆಯುಷ್ಯ ತೇಯ್ದೆವು. ಹೊಸ ಔಷಧಿ ಹೊಡೆದು ನೋಡುವಾಗ ಪ್ರತಿ ತಾಕಿನಲ್ಲೂ ಒಂದು ಸಾಲಿಗೆ ಬರೀ ನೀರು. ಆ ಸಾಲಿಗೂ ನೀವು ಮುಖಕ್ಕೆ ಬಟ್ಟೆ ಕಟ್ಟಿ, ಕೈಗವಸು ಹಾಕಿ, ಅಷ್ಟೇ ನಿಗಾ ಇಟ್ಟು ಹೊಡೆಯುತ್ತಿದ್ದಿರಿ. "ಏನ್ ಮೇಷ್ಟ್ರೇ, ನೀರಿಗೂ ಇಷ್ಟು ಮರ್ಯಾದೆನಾ?" ಅಂತ ಕೆಲಸದವರು ನಗುತ್ತಿದ್ದರು. ಎಲೆಗಳೆಲ್ಲ ಕಂದು ಪುಡಿ ಹಿಡಿದು ಆ ಸಾಲು ಒಣಗುವಾಗ ನಾನು ಔಷಧಿಯ ಪಂಪು ಎತ್ತಿಕೊಳ್ಳುತ್ತಿದ್ದೆ. ಒಂದೇ ಒಂದು ಸಲ ಔಷಧಿ ಹೊಡೆದುಬಿಡೋಣ ಅಂದರೆ ನೀವು ಕೆಂಡಾಮಂಡಲ. "ಇದು ಸಾಯೋದನ್ನ ನೋಡ್ದೆ, ಪಕ್ಕದ್ದು ಔಷಧಿಯಿಂದಾನೇ ಬದುಕ್ತು ಅಂತ ಹೇಗೆ ಹೇಳ್ತೀಯೆ? ಈ ಸಾಲು ಇಲ್ದಿದ್ರೆ ನಾವು ಮಾಡೋದು ವಿಜ್ಞಾನ ಅಲ್ಲ, ಕಣಿ ಹೇಳೋದು." ನಾನು ಪಂಪು ಕೆಳಗಿಡುತ್ತಿದ್ದೆ. ಗೋಧಿಯ ವಿಷಯದಲ್ಲಿ ನೀವು ಹೇಳಿದ್ದು ಸರಿಯೇ ಇತ್ತು.

ಆಮೇಲೆ ನಿಮ್ಮ ಶ್ವಾಸಕೋಶ ಗಟ್ಟಿಯಾಗತೊಡಗಿತು. ಹೊಲದ ಬದುವಿನ ಮೇಲೆ ನನಗಿಂತ ಮುಂದೆ ನಡೆಯುತ್ತಿದ್ದವರು ಹಿಂದೆ ಬಿದ್ದಿರಿ. ಕರೆಂಟು ಹೋದಾಗ ನೀವು ರಾತ್ರಿ ಹಾಕಿಕೊಳ್ಳುತ್ತಿದ್ದ ಆಮ್ಲಜನಕದ ಮಿಷಿನ್ ನಿಲ್ಲಬಾರದು ಅಂತ, ಸೌರ ಬ್ಯಾಟರಿಯ ಸಂಶೋಧನೆಯಲ್ಲಿದ್ದ ನನ್ನ ತಮ್ಮ ತನ್ನ ಪ್ರಯೋಗಾಲಯದ ಹೊಸ ಬ್ಯಾಟರಿಯನ್ನೇ ತಂದು ನಮ್ಮ ಮಲಗುವ ಕೋಣೆಯಲ್ಲಿ ಕೂರಿಸಿದ. "ಭಾವ, ಇನ್ಮೇಲೆ ಸೂರ್ಯನೇ ನಿಮ್ಮ ಆಳು" ಅಂದ. ಒಳ್ಳೆಯ ಬ್ಯಾಟರಿ. ಒಮ್ಮೆಯೂ ಕೈ ಕೊಡಲಿಲ್ಲ. ಉಸಿರೆಳೆಯುವವರೇ ಹೋದ ಮೇಲೂ ಅದರ ಹಸಿರು ದೀಪ ಉರಿಯುತ್ತಿತ್ತು.

ಪರೀಕ್ಷೆಗೆ ಸೇರುವ ದಿನವೇ ಡಾಕ್ಟರಮ್ಮ ಎಲ್ಲ ಬಿಡಿಸಿ ಹೇಳಿದ್ದರು. ಹಳೆಯ ಔಷಧಿಯೊಂದಿದೆ, ವಾಸಿ ಮಾಡುವುದಿಲ್ಲ, ಆದರೆ ಒಂದಷ್ಟು ಕಾಲ ತಡೆದು ನಿಲ್ಲಿಸುತ್ತದೆ. ಪರೀಕ್ಷೆಯಲ್ಲಿರುವಷ್ಟು ದಿನ ಅದನ್ನು ತೆಗೆದುಕೊಳ್ಳುವಂತಿಲ್ಲ. ಬೇಡವೆನಿಸಿದರೆ ಯಾವಾಗ ಬೇಕಾದರೂ ಪರೀಕ್ಷೆ ಬಿಟ್ಟು ಅದಕ್ಕೆ ಹೋಗಬಹುದು. ಇನ್ನೊಂದು ಮಾತನ್ನೂ ಹೇಳಿದ್ದರು: ಅಸಲಿ ಮಾತ್ರೆ ನುಂಗಿದವರಿಗೆ ಬಿಸಿಲಿಗೆ ಹೋದರೆ ಮೈ ಉರಿಯಬಹುದು.

ಎರಡನೆಯ ವಾರವೇ ನೀವು ಹೊಲದಿಂದ ಬಂದು ತೋಳು ನೀವಿಕೊಳ್ಳುತ್ತಾ "ಅಬ್ಬಾ, ಉರಿ ಕಣೇ!" ಅಂದಿರಿ. ನನಗೆ ಕುಣಿದಾಡುವಷ್ಟು ಖುಷಿ. ಗಂಡನ ಮೈ ಉರಿಯುತ್ತಿದೆ ಅಂತ ಹಿಗ್ಗಿದ ಹೆಂಡತಿ ಲೋಕದಲ್ಲಿ ನಾನೊಬ್ಬಳೇ ಇರಬೇಕು. ತಂಪಿನ ಮುಲಾಮು ತಂದೆ. ಸಂಜೆ ಸಂಜೆ ಜಗಲಿಯಲ್ಲಿ ಕೂರಿಸಿ, ಮೊಣಕೈಯಿಂದ ಬೆರಳ ತುದಿಯವರೆಗೆ ಹಚ್ಚಿದೆ. ನೀವು ಸೊರಗುತ್ತಾ ಹೋದಾಗ ತಮ್ಮ ಗೋಗರೆದ, "ಅಕ್ಕ, ಸಾಕು. ಭಾವನ್ನ ಪರೀಕ್ಷೆಯಿಂದ ಬಿಡಿಸು, ಹಳೇ ಔಷಧಿನಾದ್ರೂ ಕೊಡಿಸೋಣ." ನಾನೇ ಅವನ ಬಾಯಿ ಮುಚ್ಚಿಸಿದೆ. ಉರಿ ಇದೆಯಲ್ಲೋ, ಅಸಲಿ ಮಾತ್ರೆಯೇ ಹೋಗುತ್ತಿದೆ, ಇನ್ನು ಸ್ವಲ್ಪ ತಾಳು ಅಂದೆ. ನೀವು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿರಿ.

ಅದನ್ನೇ ಇವತ್ತು ಡಾಕ್ಟರಮ್ಮನಿಗೆ ಕೇಳಿದೆ. ಹಿಟ್ಟಿನ ಮಾತ್ರೆಯಾದರೆ ನಮ್ಮವರಿಗೆ ಅಷ್ಟೊಂದು ಉರಿ ಯಾಕೆ ಬಂತು ಅಂತ. ಆಕೆಗೆ ಅರ್ಥವೇ ಆಗಲಿಲ್ಲ. "ಇಲ್ವಲ್ಲಮ್ಮ. ಬಂದಾಗಲೆಲ್ಲ ಕೇಳ್ತಿದ್ದೆ. ಹಗಲೆಲ್ಲ ಬಿಸಿಲಲ್ಲೇ ಇರ್ತೀನಿ, ಒಂದು ಚೂರೂ ಉರಿ ಇಲ್ಲ, ಸರಿಯಾಗಿ ಬರ್ಕೊಳ್ಳಿ ಅಂತ ಅವರೇ ಒತ್ತಿ ಹೇಳ್ತಿದ್ರು" ಅಂದರು.

ಎದ್ದು ಬಂದುಬಿಟ್ಟೆ. ಆಸ್ಪತ್ರೆಯ ಗೇಟಿನ ಹತ್ತಿರ ಸೈಕಲ್ ನಿಲ್ಲಿಸುವ ಕಟ್ಟೆಯ ಮೇಲೆ ಕೂತೆ.

ಎಲೆಯ ಮೇಲಿನ ಒಂದು ಚುಕ್ಕೆ ನೋಡಿ ರೋಗದ ಜಾತಕ ಹೇಳುತ್ತಿದ್ದವರು ನೀವು. ಉರಿಯದ ನಿಮ್ಮ ಮೈ ಏನು ಹೇಳುತ್ತಿದೆ ಅನ್ನುವುದು ನಿಮಗೆ ತಿಳಿಯಲಿಲ್ಲವೆಂದರೆ ಯಾರು ನಂಬುತ್ತಾರೆ? ಗೊತ್ತಿದ್ದೂ ನಿಂತಿರಿ. ಪರೀಕ್ಷೆ ಕೆಡಬಾರದೆಂದು ಡಾಕ್ಟರಿಗೆ ನಿಜ ಹೇಳಿದಿರಿ. ನಾನು ಎಳೆದುಕೊಂಡು ಹೋಗಿಬಿಡುತ್ತೇನೆಂದು ನನಗೆ ಸುಳ್ಳು ಹೇಳಿದಿರಿ. ಹೌದು ರೀ, ಎಳೆದುಕೊಂಡೇ ಹೋಗುತ್ತಿದ್ದೆ. ಕಾಲು ಹಿಡಿದು, ಬೈದು, ಊಟ ಬಿಟ್ಟು, ಹೇಗಾದರೂ ಸರಿ. ಹಳೆಯ ಔಷಧಿ ಇನ್ನೊಂದು ಬೇಸಿಗೆಯನ್ನು ಕೊಡುತ್ತಿತ್ತೇನೋ. ಆ ಬೇಸಿಗೆಯನ್ನು ಕೊಟ್ಟುಬಿಡಲು ಅದು ನಿಮ್ಮೊಬ್ಬರದ್ದೇ ಆಗಿತ್ತೇ? ನಾಳೆ ಸಾವಿರಾರು ಜನ ಈ ಮಾತ್ರೆಯಿಂದ ಮೆಟ್ಟಿಲು ಹತ್ತುತ್ತಾರೆ, ನೀವು ದೊಡ್ಡವರೇ ಸರಿ. ನನಗೆ ದೊಡ್ಡವರು ಬೇಕಿರಲಿಲ್ಲ. ಆ ಸಾವಿರಾರು ಜನರಲ್ಲಿ ಒಬ್ಬರೂ ರಾತ್ರಿ ನನ್ನ ಪಕ್ಕ ಮಗ್ಗಲು ಬದಲಿಸುವುದಿಲ್ಲ.

ಮುಲಾಮು ಹಚ್ಚುವಾಗ ನೀವು ಕಣ್ಣು ಮುಚ್ಚಿಕೊಳ್ಳುತ್ತಿದ್ದಿರಿ. ಉರಿ ಇಳಿಯುತ್ತಿದೆ ಅಂದುಕೊಂಡು ನಾನು ಮುಂದಿನ ವರ್ಷದ ಮಾತಾಡುತ್ತಿದ್ದೆ. ಗೋಡೆಗೆ ಸುಣ್ಣ ಹೊಡೆಸೋಣ, ಸಮುದ್ರ ನೋಡಿ ಬರೋಣ ಅಂತ ಏನೇನೋ. ನೀವು ಹೂಂಗುಟ್ಟುತ್ತಿದ್ದಿರಿ. ಆಮೇಲೆ ನಾನು ನೆಮ್ಮದಿಯಿಂದ ನಿದ್ದೆ ಹೋಗುತ್ತಿದ್ದೆ, ಸಾಯುತ್ತೇನೆಂದು ಗೊತ್ತಿದ್ದ ಮನುಷ್ಯನ ಪಕ್ಕದಲ್ಲಿ. ಆ ನಿದ್ದೆ ನನಗೆ ಬೇಡವಾಗಿತ್ತು ರೀ. ನಿಮ್ಮ ಜೊತೆ ಹೆದರಿಕೊಂಡು ಎಚ್ಚರವಾಗಿರುವುದು ಬೇಕಾಗಿತ್ತು.

ಇನ್ನು ನೀವು ಯಾರಿಗೂ ಏನೂ ಒಪ್ಪಿಸಬೇಕಾಗಿಲ್ಲ. ಕೆಮ್ಮಿಲ್ಲದೆ ಮಲಗಿ. ನಿಮಗೆ ಒಳ್ಳೆಯದಾಗಲಿ ಅನ್ನಲು ಇವತ್ತು ಬಾಯಿ ಬರುತ್ತಿಲ್ಲ, ಆದರೂ ಅನ್ನುತ್ತಿದ್ದೇನೆ.

ಇಂತಿ,
ಸಿಟ್ಟು ಇಳಿಯದ
ನಿಮ್ಮ ಹೆಂಡತಿ