ಅಪ್ಪನ ನಡಿಗೆ

ತಮ್ಮಾ ರುಶ್ದಿ,

ನೀನು ಮಣ್ಣು ಸೇರಿ ನಲವತ್ತು ದಿನ. ಇವತ್ತು ನಾಬ್ಲುಸ್‌ನಲ್ಲಿ ನಿನ್ನ ಕೊನೆಯ ಸಿನಿಮಾ ತೋರಿಸಿದರು. ಮೂವತ್ತು ವರ್ಷ ನೀನು ನಟಿಸಿದೆ. ನಾನು ನೋಡಿದ್ದು ಇದೇ ಮೊದಲು. ಆಲಿವ್ ತೋಟ ಕಳೆದುಕೊಂಡ ಮುದುಕನಾಗಿ ನೀನು ಎಡಗಾಲು ಎಳೆಯುತ್ತ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದುಬಂದೆ. ಅದು ಅಪ್ಪನದೇ ನಡಿಗೆ. ನಾಟಕದ ಹುಚ್ಚಿಗಾಗಿ ನಿನ್ನನ್ನು ಮನೆಯಿಂದ ಹೊರಹಾಕಿದ ಅಪ್ಪನನ್ನು ನೀನು ಎಷ್ಟು ಪ್ರೀತಿಯಿಂದ ಎದೆಯಲ್ಲಿಟ್ಟುಕೊಂಡಿದ್ದೆ! ಇಡೀ ಸಭಾಂಗಣ ಎದ್ದುನಿಂತು ಚಪ್ಪಾಳೆ ತಟ್ಟಿತು.

ಪಕ್ಕದ ಸೀಟಿನಲ್ಲಿದ್ದ ಅಪರಿಚಿತ ಹುಡುಗಿ ಕಣ್ಣೊರೆಸಿಕೊಂಡು ಕೇಳಿದಳು: "ಚಿಕ್ಕಪ್ಪಾ, ಎಂಥಾ ನಟ ಅಲ್ವಾ! ನಿಮಗೆ ಪರಿಚಯ ಇತ್ತಾ?"

"ನನ್ನ ತಮ್ಮ."

"ಅಯ್ಯೋ, ಅದೃಷ್ಟವಂತ್ರು ನೀವು! ಅವರ ನಾಟಕ ಎಲ್ಲಾ ನೋಡಿರ್ತೀರ. ಯಾವುದು ಚೆನ್ನಾಗಿತ್ತು?"

ಪ್ರತಿ ಹೊಸ ನಾಟಕಕ್ಕೂ ನೀನು ಅಪ್ಪನಿಗೊಂದು, ನನಗೊಂದು ಟಿಕೆಟ್ ಕಳಿಸುತ್ತಿದ್ದೆ.

"ಎಲ್ಲಾನೂ ಚೆನ್ನಾಗಿದ್ವು, ಮಗಳೇ," ಎಂದೆ.