ಗಡ್ಡ ನೋಡಿ ಬಿದ್ದ ಏಟು

ಮಾನ್ಯ ಠಾಣಾಧಿಕಾರಿಗಳೇ,

ಒಡೆದವರನ್ನು ಬಿಟ್ಟು, ಒಡೆಸಿಕೊಂಡವರ ಅಂಗಡಿಗೆ ಬೀಗ ಜಡಿದಿದ್ದೀರಿ. ನನ್ನ ದೂರು ಇಷ್ಟೇ. ನಮ್ಮ ಬೀದಿಯ ಕ್ಷೌರದಂಗಡಿಯವರು, ನಾವೆಲ್ಲ ಭಾಯಿ ಎನ್ನುವವರು, ಇಲ್ಲಿ ಅಂಗಡಿ ಇಟ್ಟಿರುವ ಒಬ್ಬರೇ ಮುಸಲ್ಮಾನರು. ಧರ್ಮ ಉಳಿಸಲು ಹೊರಟ ತರುಣರು ಅವರ ಕನ್ನಡಿಗಳನ್ನು ಪುಡಿಪುಡಿ ಮಾಡಿದ್ದನ್ನು ಪಕ್ಕದ ನನ್ನ ಕನ್ನಡಕದಂಗಡಿಯಿಂದ ಕಣ್ಣಾರೆ ಕಂಡೆ. ತಾವು ಬಂದಿರಿ. "ಇವನು ಇಲ್ಲಿ ಅಂಗಡಿ ಇಟ್ಟಿದ್ದಕ್ಕೆ ತಾನೇ ಗಲಾಟೆ ಆಗಿದ್ದು?" ಎಂದಿರಿ. ಶಾಂತಿಪಾಲನೆಯ ಹೆಸರಿನಲ್ಲಿ ಬೀಗ ಬಿತ್ತು. ಈ ಲೆಕ್ಕದಲ್ಲಿ ಕಳ್ಳ ನುಗ್ಗಿದರೆ, ಮನೆ ಕಟ್ಟಿಕೊಂಡ ತಪ್ಪಿಗೆ ಮನೆಯವರನ್ನೇ ಒಳಗೆ ಹಾಕುತ್ತೀರೇನು?

ಭಾಯಿಯನ್ನು ಬಿಟ್ಟು ಬೇರೆಯವರ ಕೈಗೆ ನನ್ನ ಮುಖವನ್ನು ಕೊಡಲು ಮನಸ್ಸಾಗಲಿಲ್ಲ. ಗಡ್ಡ ಬೆಳೆಯಿತು. "ಚೆನ್ನಾಗಿ ಒಪ್ಪುತ್ತೆ. ಸಂನ್ಯಾಸ ಯಾವಾಗ?" ಎಂದಳು ಹೆಂಡತಿ. ಸಂನ್ಯಾಸಕ್ಕೆ ಮೊದಲೇ ನನ್ನ ಮತಾಂತರವಾಯಿತು. ಬಸ್ ನಿಲ್ದಾಣದಲ್ಲಿ ಅದೇ ತರುಣರಲ್ಲಿ ಮೂವರು ಅಡ್ಡಗಟ್ಟಿದರು.

"ನಿಮ್ಮೋರಿಗೆ ಈ ಕಡೆ ಏನ್ ಕೆಲ್ಸ?"

ಹೆಸರು ಹೇಳಿದೆ. "ಹೆಸ್ರು ಯಾರ್ ಬೇಕಾದ್ರೂ ಹೇಳ್ತಾರೆ" ಎಂದು ಕೆನ್ನೆಗೆ ಬಿಗಿದರು.

ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಭಾಯಿ ಓಡಿ ಬಂದರು. "ಬಿಡ್ರಪ್ಪ, ಅವರು ನಿಮ್ಮೋರೇ. ಆ ಗಡ್ಡ ದಿನಾ ತೆಗೀತಿದ್ದೋನು ನಾನು."

ನನ್ನ ಮಾತಿಗಿಲ್ಲದ ಬೆಲೆ ಅವರ ಮಾತಿಗೆ ಸಿಕ್ಕಿತು. ತರುಣರು ಕೂಡಲೇ ಕೈಮುಗಿದರು. "ತಪ್ಪಾಯ್ತು ಅಂಕಲ್. ಅವ್ರು ಅಂದ್ಕೊಂಡ್ವಿ." ಎಂಥ ಸಂಸ್ಕಾರ. ನನ್ನ ಅಂಗಿಯ ಧೂಳು ಕೂಡ ಕೊಡವಿದರು. ಆಮೇಲೆ ತಿರುಗಿ ಭಾಯಿಗೆ ಹೊಡೆದರು, ಬಾಯಲ್ಲಿ ರಕ್ತ ಬರುವ ಹಾಗೆ. ಅದರಲ್ಲಿ ತಪ್ಪೇನೂ ಆಗಿರಲಿಲ್ಲವಾದ್ದರಿಂದ ಕ್ಷಮೆ ಕೇಳಲಿಲ್ಲ.

ಠಾಣೆಗೆ ಬಂದರೆ ತಾವು ನನಗೆ ಕುರ್ಚಿ ಕೊಟ್ಟು ಚಹಾ ತರಿಸಿದಿರಿ. ಭಾಯಿಯನ್ನು ನಿಲ್ಲಿಸಿಕೊಂಡೇ, "ನೀನ್ಯಾಕೆ ಅಲ್ಲಿಗೆ ಹೋದೆ?" ಎಂದು ವಿಚಾರಿಸಿದಿರಿ. ನನ್ನನ್ನು ಉಳಿಸಿದ್ದು ಯಾವ ಕಲಮಿನಡಿ ಅಪರಾಧ, ಸ್ವಾಮಿ? ಈಗ ಅವರ ಹೆಂಡತಿ ಊರು ಬಿಡಲು ಪಾತ್ರೆಗಳನ್ನು ಮೂಟೆ ಕಟ್ಟುತ್ತಿದ್ದಾರೆ.

ಆದ್ದರಿಂದ ನಾಳೆ ಬೆಳಿಗ್ಗೆ ನನ್ನ ಅಂಗಡಿಯ ಕುರ್ಚಿಯನ್ನು ಬೀದಿಯಲ್ಲಿ ಹಾಕಿ ಕೂರುತ್ತೇನೆ. ಭಾಯಿ ನನ್ನ ಗಡ್ಡ ತೆಗೆಯುತ್ತಾರೆ. ಅವರನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು.

"ಹೆದರಿಕೆ ಆಗುತ್ತೆ ಅಣ್ಣ. ಕತ್ತಿ ಹಿಡಿದಾಗ ಕೈ ನಡುಗಿಬಿಟ್ರೆ?"

"ನಡುಗದ ಹಾಗೆ ನೋಡ್ಕೊಳ್ಳೋಕೆ ಸರ್ಕಾರ ಇದೆಯಲ್ಲ" ಎಂದೆ. ಬಹಳ ದಿನಗಳ ಮೇಲೆ ಅವರು ನಕ್ಕರು.

ಬೀಗ ತೆಗೆಸಿ. ಆ ಮೂವರನ್ನು ಹಿಡಿಯಿರಿ, ಗುರುತಿಸಲು ನಾನು ಸಿದ್ಧ. ಅಲ್ಲಿಯವರೆಗೆ ಒಬ್ಬ ಪೇದೆಯನ್ನು ಕಳಿಸಿಕೊಡಿ. ಅವನು ನಮ್ಮ ಕಡೆ ಬೆನ್ನು ಹಾಕಿ, ಬೀದಿಯ ಕಡೆ ಮುಖ ಮಾಡಿ ನಿಲ್ಲಲಿ.

ಇಂತಿ,
ಏಟು, ಕ್ಷಮೆ ಎರಡಕ್ಕೂ ಅನರ್ಹನಾದ
ಕನ್ನಡಕದಂಗಡಿಯವನು